ಅಜ್ಜಿಯ ಜೋಗುಳ, ನನ್ನ ಕೀಬೋರ್ಡು

ಕಳೆದ ಮಳೆಗಾಲದಲ್ಲಿ ನನಗೊಂದು ಹುಚ್ಚು ಹತ್ತಿತ್ತು. ಚಿಕ್ಕವನಿದ್ದಾಗ ಅಜ್ಜಿ ಜಗುಲಿ ಮೇಲೆ ಕೂತು ನನ್ನನ್ನ ತೊಡೆ ಮೇಲೆ ಮಲಗಿಸ್ಕೊಂಡು ಗುನುಗ್ತಿದ್ದ ಒಂದು ಧಾಟಿ ತಲೇಲಿ ಹಾಗೇ ಉಳ್ಕೊಂಡಿದೆ, ಪದ ಒಂದೂ ನೆನಪಿಲ್ಲ, ಅದನ್ನಿಟ್ಕೊಂಡು ಪಿಯಾನೋಗೆ ಒಂದು ನಾಕ್ಟರ್ನ್, ಅಂದ್ರೆ ರಾತ್ರಿಯ ಭಾವದ ಒಂದು ಪುಟ್ಟ ರಚನೆ, ಬರೀಬೇಕು ಅಂತ. ಪೋಲೆಂಡಿನ ಸಂಗೀತಗಾರ ಶೋಪ್ಯಾನ್ ಇಂಥವು 21 ಬರ್ದಿದಾನೆ, ನಾನೊಂದು ಬರೆದ್ರೆ ಯಾರಪ್ಪನ ಗಂಟು ಹೋಗುತ್ತೆ? ಅಲ್ದೆ ನಾವು ಮೈಸೂರಿನವ್ರು ಸ್ವಾಮಿ. ನಮ್ಮ ಜಯಚಾಮರಾಜ ಒಡೆಯರ್ ಪಿಯಾನೋ ಕಲಿತಿದ್ದವರು, ರಷ್ಯಾದ ಸಂಗೀತಗಾರ ಮೆಟ್ನರ್‌ನ ರಚನೆಗಳು ರೆಕಾರ್ಡ್ ಆಗ್ಲಿ ಅಂತ ದುಡ್ಡು ಕೊಟ್ರು, ಆತ ತನ್ನ ಮೂರನೇ ಪಿಯಾನೋ ಕನ್ಚರ್ಟೋನ (ಆರ್ಕೆಸ್ಟ್ರಾ ಜೊತೆ ನುಡಿಸೋ ದೊಡ್ಡ ರಚನೆ) ಇವ್ರಿಗೇ ಅರ್ಪಿಸಿದ. ಅದೇ ಊರಿನ ನೀರು ಕುಡಿದವನು ನಾನೂ ಅನ್ನೋ ಧೈರ್ಯ.

ಮಹಾರಾಜರ ಹತ್ರ ಪಿಯಾನೋ ಇತ್ತು. ನನ್ನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಕೀಬೋರ್ಡು, 88 ಕೀ ಇರ್ಬೇಕಾದ ಕಡೆ 61. ಎಡಗೈ ಗಂಭೀರವಾಗಿ ಕೆಳಕ್ಕೆ ಇಳೀತಾ ಇಳೀತಾ ಹೋಗಿ ಕೊನೇ ಸ್ವರದ ಹೊತ್ತಿಗೆ ಕೀಗಳೇ ಮುಗ್ದೋಗಿ ಪಕ್ಕದಲ್ಲಿದ್ದ ಕಾಫಿ ಲೋಟಕ್ಕೆ ಬಡೀತು. ನಾದವೇನೋ ಚೆನ್ನಾಗೇ ಬಂತು, ಲುಂಗಿ ಒಗೆಯೋಕೆ ಹೋಯ್ತು. ಇನ್ನೊಂದಿನ ರಾತ್ರಿ ಹನ್ನೊಂದಕ್ಕೆ ಮೆಲ್ಲಗೆ ನುಡಿಸ್ತಾ ಇದೀನಿ, ಕೈ ತಗುಲಿ ಡಿಸ್ಕೋ ರಿದಮ್ ಶುರುವಾಯ್ತು. ಆಫ್ ಮಾಡೋ ಬಟನ್ ಹುಡುಕೋದ್ರಲ್ಲಿ ಅದು ಸಾಂಬಾ ಆಯ್ತು, ಮೇಲಿನ ಮನೆಯವ್ರು ನೆಲ ಕುಟ್ಟಿದ್ರು, ತಾಳಕ್ಕೆ ಸರಿಯಾಗೇ ಕುಟ್ಟಿದ್ರು ಅದು ಬೇರೆ ಮಾತು.

ಅಸಲಿ ತೊಂದ್ರೆ ಗಾಂಧಾರದ್ದು, ಅಂದ್ರೆ ಗ ಸ್ವರದ್ದು. ಸಂಗೀತ ಗೊತ್ತಿರೋ ಅತ್ತಿಗೆ ಕೇಳಿ, ಇದ್ರಲ್ಲಿ ನೀಲಾಂಬರಿ ಛಾಯೆ ಇದೆ ಕಣೋ, ಜೋಗುಳಕ್ಕೆ ಅದೇ ರಾಗ ಅಂದ್ರು. ಅಜ್ಜಿ ಗ ಇಂದ ಮ ಕಡೆಗೆ ಎಣ್ಣೆ ಸವರಿದ ಹಾಗೆ ಜಾರ್ತಿದ್ರು. ನಾನು ಹೋಗಿ ಹೋಗಿ ಷಡ್ಜನ, ಅಂದ್ರೆ ಸ ಸ್ವರನ, ಕೀಬೋರ್ಡಿನ ಸಿ ಕೀ ಮೇಲಿಟ್ಟಿದೀನಿ, ಅಲ್ಲಿ ಗ-ಮ ಮಧ್ಯೆ ಒಂದು ಕರಿ ಕೀ ಕೂಡ ಇಲ್ಲ! ಜಾರೋದು ಎಲ್ಲಿಗೆ? ಎರಡನ್ನೂ ಗಡಿಬಿಡೀಲಿ ಒಟ್ಟಿಗೆ ಒತ್ತಿದೆ. ಬೆಕ್ಕಿನ ಬಾಲ ತುಳಿದ ಹಾಗಿತ್ತು.

ನೊಟೇಶನ್, ಅಂದ್ರೆ ಸ್ವರಲಿಪಿ, ಬರೆಯೋ ಸಾಫ್ಟ್‌ವೇರ್‌ಗೆ ನುಡಿಸಿ ತೋರ್ಸಿದ್ರೆ ಅದು ನನ್ನ ತಡವರಿಕೆ ಒಂದೊಂದನ್ನೂ ಲೆಕ್ಕ ಹಾಕಿ, ಸಕ್ಕರೆ ಡಬ್ಬಕ್ಕೆ ಇರುವೆ ಮುತ್ತಿದ ಹಾಗೆ ಪುಟ ತುಂಬಾ ಪುಟಾಣಿ ಸ್ವರ ಮುತ್ತಿಸ್ತು. ಎಲ್ಲಾ ಅಳಿಸಿ ಕೈಯಲ್ಲೇ ಬರೆದೆ.

ಆ ಧಾಟೀಲಿ ಮೂರನೇ ಸಾಲು ಆದ್ಮೇಲೆ ಅಜ್ಜಿ ಒಂದು ಕ್ಷಣ ಮೌನ ಆಗ್ತಿದ್ರು, ಆಮೇಲೆ ಮತ್ತೆ ಶುರು. ನನ್ನ ಪ್ರಕಾರ ಇಡೀ ರಚನೆಯ ಪ್ರಾಣ ಅದೇ. ಅಲ್ಲಿ ದೊಡ್ಡ ಫರ್ಮಾಟಾ ಚಿಹ್ನೆ (ಇಲ್ಲಿ ಬೇಕಾದಷ್ಟು ಹೊತ್ತು ನಿಲ್ಲು ಅನ್ನೋ ಗುರುತು) ಹಾಕಿ, ವಿರಹ, ಕಾಲ, ಅನಂತ ಅಂತೆಲ್ಲಾ ಹೆಂಡ್ತಿಗೆ ಅರ್ಧ ಗಂಟೆ ವಿವರಿಸಿದ್ದೆ, ಪಾಪ ಬೀನ್ಸ್ ಸೋಸ್ತಾ ಕೇಳಿಸ್ಕೊಂಡ್ಳು.

ಗೌರಿಹಬ್ಬಕ್ಕೆ ಅಮ್ಮ ಬಂದಾಗ ಪೂರ್ತಿ ನುಡಿಸಿದೆ. ಅಮ್ಮ ಕಣ್ಣು ಮುಚ್ಕೊಂಡು ಕೇಳಿದ್ರು. ಮೌನದ ಜಾಗ ಬಂದಾಗ ಕಿಸಕ್ಕನೆ ನಕ್ರು.

"ಇದನ್ನೂ ನೆನಪಿಟ್ಕೊಂಡಿದೀಯಲ್ಲೋ!"

"ಯಾವ್ದಮ್ಮಾ?"

"ಅಲ್ಲೇ ಕಣೋ ಅಜ್ಜಿ ಎಲೆಅಡಿಕೆ ಉಗೀತಿದ್ದಿದ್ದು. ದಾಸವಾಳದ ಗಿಡದ ಬುಡಕ್ಕೆ."

ಹೆಂಡ್ತಿ ಅಡುಗೆಮನೆಗೆ ಓಡಿದ್ಳು, ನಗೋಕೆ. ನಾನು ರಬ್ಬರ್ ಹುಡುಕ್ತಾ ಇದ್ದೆ, ಅಷ್ಟ್ರಲ್ಲಿ ಅಮ್ಮ ಇನ್ನೊಂದ್ಸಲ ನುಡ್ಸು ಅಂದ್ರು, ನುಡಿಸಿದೆ, ಸ್ವಲ್ಪ ಹೊತ್ತು ಯೋಚ್ನೆ ಮಾಡಿ ಹೇಳಿದ್ರು:

"ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ನಿಲ್ಸೋ. ಗಿಡ ದೂರ ಇತ್ತು."