ಥರ್ಮಾಮೀಟರಿಗೆ ನೆರಳು ಸಿಕ್ಕಿದೆ

ಬಿಸಿಲು ಏರಿತು, ಪ್ರಕಟಣೆಯೂ ಬಂತು: 12ರಿಂದ 3ರವರೆಗೆ ಹೊರಗೆ ಹೋಗಬೇಡಿ, ಹತ್ತಿ ಬಟ್ಟೆ ತೊಡಿ, ನೀರು ಕುಡಿಯಿರಿ. ರಸ್ತೆಗೆ ಡಾಂಬರು ಸುರಿಯುವವರಿಗೆ ಇದನ್ನು ಓದಲು ಪುರುಸೊತ್ತಿದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರೋ!

ಅದರಲ್ಲಿರುವ '42 ಡಿಗ್ರಿ'ಯ ವೈಭೋಗ ನೋಡಬೇಕು. ದೀಪಸ್ತಂಭ ಕಟ್ಟುತ್ತಿದ್ದ ಎಂಜಿನಿಯರ್ ಥಾಮಸ್ ಸ್ಟೀವನ್ಸನ್ 19ನೇ ಶತಮಾನದಲ್ಲಿ ಥರ್ಮಾಮೀಟರಿಗೆಂದೇ ಒಂದು ಮನೆ ಮಾಡಿಕೊಟ್ಟ. ನೆಲದಿಂದ ನಾಲ್ಕಡಿ ಎತ್ತರ, ಬಿಳಿ ಬಣ್ಣ, ಜೋಡಿ ಸೂರು, ಗಾಳಿಯಾಡಲು ನಾಲ್ಕೂ ಕಡೆ ಓರೆ ಪಟ್ಟಿ, ಕೆಳಗೆ ಹುಲ್ಲು. ಉತ್ತರಾರ್ಧಗೋಳದಲ್ಲಿ ಬಾಗಿಲು ಉತ್ತರಕ್ಕೇ ಇರಬೇಕು, ತೆರೆದಾಗಲೂ ಒಳಗೆ ಬಿಸಿಲು ಬೀಳಬಾರದು. ಪ್ರಕಟಣೆಯ 42 ಅಳೆಯುವುದು ಈ ನೆರಳಲ್ಲಿ. ಪಾದರಸಕ್ಕೆ ಇಷ್ಟು ಉಪಚಾರ! ಕಾಂಕ್ರೀಟ್ ಹೊರುವವನ ಪಾಡಿಗೆ ಬೇರೆಯೇ ಅಳತೆ ಇದೆ, ಡಬ್ಲ್ಯೂಬಿಜಿಟಿ ಅಂತ: ಬಿಸಿಲು, ಗಾಳಿ, ಗಾಳಿಯಲ್ಲಿನ ತೇವ ಎಲ್ಲ ಸೇರಿ ಮೈಗೆ ತಟ್ಟುವ ಬಿಸಿ. ಕಪ್ಪು ಗೋಳವೊಂದು, ಒದ್ದೆ ಬತ್ತಿ ಸುತ್ತಿದ ಥರ್ಮಾಮೀಟರೊಂದು, ಎರಡನ್ನೂ ಬಿಸಿಲಲ್ಲೇ ನಿಲ್ಲಿಸುತ್ತಾರೆ. ಅದು 30 ಮುಟ್ಟುವ ಮೊದಲೇ ಭಾರದ ಕೆಲಸ ಅಪಾಯ. ಆದರೆ ಬರೀ 30 ಅಂದರೆ ಸುದ್ದಿಯಾಗುವುದಿಲ್ಲವಲ್ಲ.

ಇನ್ನು ನೀರು. ಬಿಸಿಲಲ್ಲಿ ಮೈಮುರಿದು ದುಡಿದರೆ ಗಂಟೆಗೆ ಲೀಟರಿನಷ್ಟು ಬೆವರು ಹೋಗುತ್ತದೆ, 15–20 ನಿಮಿಷಕ್ಕೊಂದು ಲೋಟ ಬೇಕು. ದಿನವಿಡೀ ಬರೀ ನೀರನ್ನೇ ಹೊಯ್ದುಕೊಂಡರೆ ರಕ್ತದ ಸೋಡಿಯಂ ಇಳಿದು ಅದೂ ಮಲಗಿಸುತ್ತದೆ. ಮೈ ಬಿಸಿಲಿಗೆ ಪಳಗಲು ಒಂದೆರಡು ವಾರ ಹಿಡಿಯುತ್ತದೆ, ಹೊಸಬನಿಗೆ ಮೊದಲ ದಿನ ಕೆಲಸದ ಶೇ. 20ರಷ್ಟೇ ಕೊಡಬೇಕು ಎನ್ನುತ್ತದೆ ಶಾಸ್ತ್ರ. ಮೇಸ್ತ್ರಿ ಆ ಶಾಸ್ತ್ರ ಓದಿಲ್ಲ.

ಮಾತು ತೊದಲಿ, ಕಾಲು ತಡವರಿಸಿ ಬಿದ್ದನೋ, ಒಳಗಿನ ಬಿಸಿ 40 ದಾಟಿದೆ ಎಂದೇ ಲೆಕ್ಕ. ಸುತ್ತ ನಿಂತವರು ಜ್ವರದ ಮಾತ್ರೆ ಹುಡುಕುತ್ತಾರೆ. ಜ್ವರದಲ್ಲಿ ಮಿದುಳೇ ಬಿಸಿ ಏರಿಸಿರುತ್ತದೆ, ಇಲ್ಲಿ ಮಿದುಳೇ ಸೋತಿದೆ. ಮಾತ್ರೆ ಏನು ಮಾಡೀತು? ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವಷ್ಟರಲ್ಲಿ ಕುತ್ತಿಗೆಯವರೆಗೆ ತಣ್ಣೀರಲ್ಲಿ ಮುಳುಗಿಸಬೇಕು. ತೊಟ್ಟಿಯಿಲ್ಲವೇ, ಮೈಮೇಲೆ ನೀರು ಸುರಿಯುತ್ತ ಗಾಳಿ ಬೀಸಬೇಕು.

ಸತ್ತರೆ ಕಾಗದದಲ್ಲಿ 'ಹೃದಯಾಘಾತ'. ಬಿಸಿಲಿಗೆ ಸತ್ತವರು ಸೊನ್ನೆ! 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ 70,000ಕ್ಕೂ ಹೆಚ್ಚು ಜನ ಸತ್ತರೆಂದು ತಿಳಿದದ್ದು, ಬೇರೆ ವರ್ಷಗಳ ಸಾವಿನ ಲೆಕ್ಕದ ಪಕ್ಕದಲ್ಲಿಟ್ಟು ಕಳೆದಾಗ. ಕಳೆಯುವ ಲೆಕ್ಕ ಮೂರನೇ ತರಗತಿಯ ಮಕ್ಕಳಿಗೂ ಬರುತ್ತದೆ. ಮಾಡುವ ಮನಸ್ಸಿಲ್ಲ, ಅಷ್ಟೇ.

ಚಳಿಗಾಲಕ್ಕೂ ಸಲಹೆ ಸಿದ್ಧ: ಬೆಚ್ಚಗಿರಿ. ಮೈಯ ಬಿಸಿ 35ಕ್ಕಿಂತ ಕೆಳಗೆ ಜಾರುತ್ತಾ ಹೋದಂತೆ ನಡುಕವೇ ನಿಂತುಬಿಡುತ್ತದೆ, ಕೆಲವರು ಸೆಕೆಯೆಂದು ಬಟ್ಟೆ ಕಳಚುತ್ತಾರೆ. ಇನ್ನು ಕೆಲವರು ಕಿಟಕಿ ಮುಚ್ಚಿ ಇದ್ದಿಲು ಉರಿಸಿ ಮಲಗುತ್ತಾರೆ, ಅದರಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಕುಡಿದು ಏಳುವುದೇ ಇಲ್ಲ. ಪ್ರಕಟಣೆ ಬರೆಯುವವರಿಗೆ ಅದೆಲ್ಲ ಯಾಕೆ? ಬೇಸಿಗೆಯದೇ ಹಾಳೆ ತೆಗೆದು 'ನೀರು' ಅಳಿಸಿ 'ಕಂಬಳಿ' ಅಂತ ಬರೆದರಾಯಿತು.