ಹತ್ತು ರೂಪಾಯಿಯ ವಾಷರ್

ಮಳೆ ಹಿಡಿಯುವ ಮುಂಚೆ ಬೈಕಿನ ಆಯಿಲ್ ಬದಲಿಸಿಕೊಂಡು ಬರೋಣವೆಂದು ಇವತ್ತು ಬೆಳಿಗ್ಗೆ ಶಿರಸಿ ಪೇಟೆಗೆ ಹೋಗಿದ್ದೆ. ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಬರುವ ಹತ್ತು ನಿಮಿಷದಲ್ಲಿ ಗ್ಯಾರೇಜಿನ ಹುಡುಗ ಕೆಲಸ ಮುಗಿಸಿಬಿಟ್ಟಿದ್ದ. ಬಗ್ಗಿ ನೋಡಿದೆ. ಬಗ್ಗಿ ನೋಡುವ ನನ್ನ ಚಟ ನಿಮಗೆಲ್ಲ ಗೊತ್ತೇ ಇದೆ. ಎಂಜಿನ್ನಿನ ತಳದಲ್ಲಿ ಹಳೆಯ ಎಣ್ಣೆ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ಬುಡದಿಂದ ಬಿಳಿಯ ಎಳೆಯೊಂದು ಇಣುಕುತ್ತಿತ್ತು. ನಲ್ಲಿ ಕೂರಿಸುವವರು ಪೈಪಿಗೆ ಸುತ್ತುತ್ತಾರಲ್ಲ, ಅದೇ ಟೇಪು!

“ವಾಷರ್ ಹೊಸದು ಹಾಕಲಿಲ್ಲವೇ?” ಎಂದು ಮಾಲೀಕರನ್ನು ಕೇಳಿದೆ.

“ಹಳೆಯದೇ ಚೆನ್ನಾಗಿದೆ ಹೆಗಡೆಯವರೇ. ಸ್ವಲ್ಪ ಜಿನುಗುತ್ತಿತ್ತು, ಅದಕ್ಕೇ ಟೇಪು ಸುತ್ತಿಸಿದ್ದೇನೆ.”

ಚೆನ್ನಾಗಿದ್ದರೆ ಜಿನುಗುವುದೇಕೆ ಮಾರಾಯರೇ ಎಂದು ಆಗಲೇ ಕೇಳಬೇಕಿತ್ತು. ಈ ಮಾತು ನನಗೆ ಹೊಳೆದದ್ದು ಮನೆಯ ದಾರಿ ಅರ್ಧ ಸವೆದ ಮೇಲೆ. ನನ್ನ ಬಾಯಿ ಯಾವಾಗಲೂ ಹೀಗೆಯೇ, ಗ್ಯಾರೇಜಿನಲ್ಲಿ ಮುಚ್ಚಿರುತ್ತದೆ, ಫೇಸ್‌ಬುಕ್ಕಿನಲ್ಲಿ ತೆರೆಯುತ್ತದೆ.

ಆ ಬೋಲ್ಟಿನಲ್ಲಿ ಎಣ್ಣೆಯನ್ನು ತಡೆಯುವುದು ಅದರ ಮೈಮೇಲಿನ ತಿರುಪಿನ ಗೆರೆ, ಅಂದರೆ ಥ್ರೆಡ್ ಅಲ್ಲ. ಬೋಲ್ಟಿನ ತಲೆಗೂ ಎಂಜಿನ್ನಿನ ತಳಕ್ಕೂ ನಡುವೆ ಕೂರುವ ಆ ತೆಳ್ಳನೆಯ ಬಿಲ್ಲೆ, ಅದೇ ವಾಷರ್. ತಾಮ್ರವೋ ಅಲ್ಯೂಮಿನಿಯಮ್ಮೋ, ಬೇಕೆಂದೇ ಮೆತ್ತಗಿನ ಲೋಹದಿಂದ ಮಾಡಿರುತ್ತಾರೆ. ಬಿಗಿದಾಗ ಅದು ನಜ್ಜಾಗಿ, ಕಣ್ಣಿಗೆ ಕಾಣದ ಗೀರು ತಗ್ಗುಗಳಿಗೆಲ್ಲ ತುಂಬಿಕೊಳ್ಳುತ್ತದೆ. ಒಮ್ಮೆ ನಜ್ಜಾದ ಮೇಲೆ ಗಡುಸಾಗುತ್ತದೆ. ಎರಡನೆಯ ಸಲ ಅದೇ ಬಿಲ್ಲೆಗೆ ಬಗ್ಗು ಎಂದರೆ ಬಗ್ಗುವುದಿಲ್ಲ. ಇನ್ನು ಟೇಪು. ಅದು ನಲ್ಲಿಯ ಪೈಪಿನಲ್ಲಿ ಕೆಲಸ ಮಾಡುವುದು ಅಲ್ಲಿ ನೀರನ್ನು ಥ್ರೆಡ್ಡೇ ತಡೆಯಬೇಕಾದ್ದರಿಂದ. ಇಲ್ಲಿ ಸುತ್ತಿದರೆ ಥ್ರೆಡ್ ಜಾರುತ್ತದೆ, ಅದೇ ಕೈಬಲಕ್ಕೆ ಬೋಲ್ಟು ಅಗತ್ಯಕ್ಕಿಂತ ಹೆಚ್ಚು ಬಿಗಿಯಾಗುತ್ತದೆ. ಹರಿದ ಎಳೆಯೊಂದು ಒಳಗೆ ಬಿದ್ದರೆ ನೇರ ಆಯಿಲ್ ಜಾಲರಿಗೆ ಹೋಗಿ ಅಂಟಿಕೊಳ್ಳುತ್ತದೆ. ಅಲ್ಲಿಗೆ ಹತ್ತು ರೂಪಾಯಿ ಉಳಿಯಿತು!

ಆಯಿಲ್ ಫಿಲ್ಟರ್ ಮುಚ್ಚಳದಲ್ಲಿ ಎಣ್ಣೆ ಸೋರದಂತೆ ಕೂರಿಸುವ ರಬ್ಬರಿನ ಓ ರಿಂಗಿನದೂ ಇದೇ ಪಾಡು. ಹೊಸದಾಗಿದ್ದಾಗ ಬಳೆಯ ಹಾಗೆ ದುಂಡಗಿರುತ್ತದೆ. ಸಾವಿರಾರು ಕಿಲೋಮೀಟರ್ ಎಂಜಿನ್ನಿನ ಕಾವಿನಲ್ಲಿ ಒತ್ತಿಸಿಕೊಂಡು ಕೂತ ಮೇಲೆ ತೆಗೆದು ನೋಡಿ, ಒಂದು ಬದಿ ಚಪ್ಪಟೆಯಾಗಿರುತ್ತದೆ, ರಬ್ಬರು ಸೆಟೆದುಕೊಂಡಿರುತ್ತದೆ. ಅದನ್ನೇ ಬಟ್ಟೆಯಲ್ಲಿ ಒರೆಸಿ, ಮೇಲೊಂದಿಷ್ಟು ಸೋರಿಕೆ ತಡೆಯುವ ಪೇಸ್ಟ್ ಮೆತ್ತಿ ಕೂರಿಸುತ್ತಾರೆ. ಹೆಚ್ಚಾದ ಪೇಸ್ಟ್ ಹೊರಗೆ ಉಬ್ಬಿದಷ್ಟೇ ಒಳಗೂ ಉಬ್ಬುತ್ತದೆ. ಹೊರಗಿನದು ನಮಗೆ ಕಾಣುತ್ತದೆ, ಒಳಗಿನದನ್ನು ಎಂಜಿನ್ ಉಣ್ಣುತ್ತದೆ.

ನನಗೆ ಉರಿಯುವುದು ಬೇರೆ ಕಾರಣಕ್ಕೆ. ನಮ್ಮವರಿಗೆ ವಾಷರ್ ಎಂದರೇನೆಂದು ಗೊತ್ತಿಲ್ಲವೆಂದಲ್ಲ. ಅಡಿಕೆ ತೋಟಕ್ಕೆ ಕೊಳೆ ಔಷಧಿ ಹೊಡೆಯುವ ಮೊದಲು ಪಂಪಿನ ವಾಷರುಗಳನ್ನೆಲ್ಲ ಕಿತ್ತು ಹೊಸದು ಹಾಕದ ಒಬ್ಬ ತೋಟಿಗನನ್ನು ತೋರಿಸಿ. ಆ ಔಷಧಿ, ಬೋರ್ಡೋ ದ್ರಾವಣ, ಒಂದು ಹನಿ ಸೋರಿದರೂ ನಮಗೆ ಜೀವ ಹೋಗುತ್ತದೆ. ಆಯಿ ಕುಕ್ಕರಿನ ಗ್ಯಾಸ್ಕೆಟ್ ಸಡಿಲಾಯಿತೆಂದು ಹೇಳಿದ ದಿನವೇ ಅಪ್ಪಯ್ಯ ಪೇಟೆಯಿಂದ ಹೊಸದು ತರುತ್ತಿದ್ದ. ಅದೇ ಜನ ಐನೂರು ರೂಪಾಯಿಯ ಹೊಸ ಆಯಿಲ್ ಹಾಕಿಸಿ, ಅದನ್ನು ಹಿಡಿದು ನಿಲ್ಲಿಸಬೇಕಾದ ಬಿಲ್ಲೆಗೆ ಮಾತ್ರ “ಇರಲಿ ಬಿಡಿ” ಎನ್ನುತ್ತಾರೆ.

“ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ, ಹಳೆಯ ಮಿಸ್ತ್ರಿಗಳು ಹಾಗೆಯೇ ಮಾಡುತ್ತಿದ್ದರು” ಎಂದು ಯಾರಾದರೂ ಕೆಳಗೆ ಬರೆಯುತ್ತೀರಿ. ನಿಜ, ಮೆತ್ತಗಾಗುತ್ತದೆ. ಆದರೆ ಯಾವ ಗ್ಯಾರೇಜಿನಲ್ಲಿ ಈಗ ಅದನ್ನು ಕಾಯಿಸುತ್ತಾರೆ? ನನ್ನ ಬೈಕಿನದಂತೂ ಅಲ್ಯೂಮಿನಿಯಂ. ಅದು 660 ಡಿಗ್ರಿಗೇ ಕರಗುತ್ತದೆ. ಕೆಂಪಗಾಗಲಿ ಎಂದು ಕಾಯುತ್ತ ಕುಳಿತರೆ ಇಕ್ಕಳದಲ್ಲಿ ಏನೂ ಉಳಿಯುವುದಿಲ್ಲ. “ಇಪ್ಪತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇವೆ, ಏನೂ ಆಗಿಲ್ಲ” ಎಂಬ ವಾದಕ್ಕೆ ಉತ್ತರ ಕೊಡುವುದಿಲ್ಲ. ಆ ಗ್ಯಾರೇಜಿನ ನೆಲ ನೋಡಿ ಬನ್ನಿ, ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನನ್ನ ಹಳೆಯ ಬೈಕಿನ ಎಂಜಿನ್ ತಳ ಹಾಳಾಯಿತಲ್ಲ, ಅದನ್ನು ಮೆಕ್ಯಾನಿಕ್ ಹಾಳು ಮಾಡಿದ ಎಂದು ನಿಮಗೆಲ್ಲ ಹೇಳಿಕೊಂಡು ತಿರುಗಿದ್ದೆ. ಹಾಳು ಮಾಡಿದ್ದು ನಾನೇ. ಒಂದು ಭಾನುವಾರ ಅಂಗಳದಲ್ಲಿ ಕುಳಿತು ಸ್ವತಃ ಆಯಿಲ್ ಬದಲಿಸಿದೆ, ಹಳೆಯ ವಾಷರನ್ನೇ ಹಾಕಿದೆ. ಮರುದಿನ ಹನಿಯಿತು. ಬಿಗಿದೆ. ಮತ್ತೆ ಹನಿಯಿತು. ಪಾನಾಕ್ಕೆ ಪೈಪು ಸಿಕ್ಕಿಸಿ ಮೈಯ ಭಾರವನ್ನೆಲ್ಲ ಹಾಕಿ ಬಿಗಿದೆ. ಬೋಲ್ಟು ಒಮ್ಮೆಲೆ ಹಗುರಾಯಿತು. ಆ ಹಗುರ ಅನುಭವಿಸಿದವರಿಗೆ ಮಾತ್ರ ಗೊತ್ತು, ಹೊಟ್ಟೆಯಲ್ಲಿ ಏನೋ ಕಳಚಿದಂತಾಗುತ್ತದೆ. ಉಕ್ಕಿನ ಬೋಲ್ಟು ಗಟ್ಟಿ, ಎಂಜಿನ್ನಿನ ಅಲ್ಯೂಮಿನಿಯಂ ಮೆದು. ಥ್ರೆಡ್ ಪುಡಿಯಾಗಿ ಬೋಲ್ಟಿನ ಜೊತೆ ಹೊರಗೆ ಬಂದಿತ್ತು. ಲೇತ್ ಅಂಗಡಿಯಲ್ಲಿ ಕೊರೆದು ಒಳಗೆ ಹೊಸ ಥ್ರೆಡ್ ಕೂರಿಸಿಕೊಟ್ಟರು. ಅಪ್ಪಯ್ಯನಿಗೂ ಸುಳ್ಳನ್ನೇ ಹೇಳಿದ್ದೆ. ಅವನು ಬೋಲ್ಟು ನೋಡಿ, ನನ್ನ ಕೈ ನೋಡಿ, ಏನೂ ಮಾತಾಡದೆ ಎಲೆಯಡಿಕೆಯ ಕವಳ ಹಾಕಿಕೊಂಡ.

ಹಾಗಾಗಿ ಇದನ್ನು ಬರಿಯ ಜಿಪುಣತನದ ಕೋಪವೆಂದು ತಿಳಿಯಬೇಡಿ. ವಾರಕ್ಕೆರಡು ಸಲ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿ ಬರುವವನು ನಾನು. ಇಂಥ ಬೈಕುಗಳಲ್ಲಿ ಇರುವುದೇ ಒಂದು ಲೀಟರಿನ ಆಸುಪಾಸು ಎಣ್ಣೆ. ಅದರಲ್ಲೇ ಎಂಜಿನ್, ಗೇರು, ಕ್ಲಚ್ಚು ಮೂರೂ ಬದುಕಬೇಕು. ಹನಿ ಹನಿಯಾಗಿ ಕಾಲು ಲೀಟರ್ ಹೋದರೂ ಬೈಕು ಬಾಯಿಬಿಟ್ಟು ಹೇಳುವುದಿಲ್ಲ. ಹೋದ ಎಣ್ಣೆ ಗಾಳಿಗೆ ಹಿಂದಿನ ಚಕ್ರದ ಮೇಲೆಯೇ ಬಿದ್ದು, ಮಳೆಯಲ್ಲಿ ನೆನೆದ ತಿರುವಿನಲ್ಲಿ ಟಯರು ಜಾರಿದರೆ ಯಾರ ಹತ್ತು ರೂಪಾಯಿ ಎಂದು ಲೆಕ್ಕ ಹಾಕುತ್ತ ಕೂರುವುದು?

ಬಿಲ್ಲು ಈಗ ತೆಗೆದು ನೋಡಿದೆ. ಕೊನೆಯಲ್ಲಿ “ಇತರೆ: 30 ರೂ.” ಎಂದಿದೆ. ಟೇಪಿನದಿರಬೇಕು.

ಸಂಜೆ ಬೇರೆ ಅಂಗಡಿಯಿಂದ ನನ್ನ ಬೈಕಿನ ಅಳತೆಯ ಆರು ವಾಷರ್ ತಂದು ಅಪ್ಪಯ್ಯನ ಹಳೆಯ ಕವಳದ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಬೈಕಿನ ಅಡಿಗೆ ರಟ್ಟು ಹಾಸಿದ್ದೇನೆ. ಈ ಬರಹ ಶುರು ಮಾಡಿದಾಗ ಅದರ ಮೇಲೆ ಒಂದು ಹನಿ ಇತ್ತು. ಈಗ ಟಾರ್ಚ್ ಹಿಡಿದು ಹೋಗಿ ನೋಡಿ ಬಂದೆ, ಮೂರಾಗಿದೆ.