ಗೌನಿನೊಳಗಿನ ರಿವಾಲ್ವರ್, ಎಂಬತ್ತು ವರ್ಷ ತಡವಾದ ಪದವಿ

ನಮ್ಮ ದಾವಣಗೆರೆ ವಿಶ್ವವಿದ್ಯಾಲಯದ ಆವರಣವಾದ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ಘಟಿಕೋತ್ಸವ ಅಂದರೆ ಕುಲಾಧಿಪತಿ ರಾಜ್ಯಪಾಲರು, ಎದುರಿಗೆ ಗೌನು ತೊಟ್ಟ ಹುಡುಗಿಯರು. 1932ರ ಫೆಬ್ರವರಿ 6ರಂದು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲೂ ಇದೇ ಏರ್ಪಾಡು. ಬಂಗಾಳದ ಗವರ್ನರ್ ಸ್ಟ್ಯಾನ್ಲಿ ಜಾಕ್ಸನ್ ಭಾಷಣ ಮಾಡುತ್ತಿದ್ದಾಗ, ಬಿ.ಎ. ಪದವಿಗೆ ಬಂದಿದ್ದ 20 ವರ್ಷದ ಬೀನಾ ದಾಸ್ ಎದ್ದು ಮುಂದೆ ಹೋಗಿ ಐದು ಗುಂಡು ಹಾರಿಸಿದರು. ಜಾಕ್ಸನ್‌ಗೆ ಒಂದೂ ತಾಗಲಿಲ್ಲ. ಮಹಿಳಾ ದಿನದ ಪೋಸ್ಟರ್‌ಗಳು ಇಲ್ಲಿಗೇ ಮುಗಿಯುತ್ತವೆ. ಜಾಕ್ಸನ್ ಅವತ್ತೇ ಸತ್ತ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಆತ ಸತ್ತದ್ದು 1947ರಲ್ಲಿ, ಲಂಡನ್ನಿನಲ್ಲಿ.

ಯಾಕೆ ತಪ್ಪಿತು? ರಿವಾಲ್ವರ್ ನಳಿಗೆ ಗಿಡ್ಡ. ಕೈ ಒಂದೇ ಡಿಗ್ರಿ ಅಲುಗಿದರೂ ಹತ್ತು ಮೀಟರ್ ದೂರದಲ್ಲಿ ಗುಂಡು 17 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಲಾಠಿಯನ್ನು ಅಂಗಳದಲ್ಲಿ ಕಲಿಯಬಹುದು, ಪಟ್ಟಣದ ನಡುವೆ ಗುಂಡು ಹಾರಿಸಿ ಕಲಿಯೋಕಾಗುತ್ತಾ? ಅದಕ್ಕೆ ಎರಡು ತಿಂಗಳು ಹಿಂದಷ್ಟೇ ಕೋಮಿಲ್ಲಾದಲ್ಲಿ (ಈಗಿನ ಬಾಂಗ್ಲಾದೇಶ) ಶಾಂತಿ ಘೋಷ್, ಸುನೀತಿ ಚೌಧುರಿ ಎಂಬ ಶಾಲಾ ಹುಡುಗಿಯರು ಈಜು ಸ್ಪರ್ಧೆಯ ಅರ್ಜಿ ಹಿಡಿದು ಮ್ಯಾಜಿಸ್ಟ್ರೇಟ್ ಬಂಗಲೆಗೇ ಹೋಗಿದ್ದರು. ಅಲ್ಲಿ ಮ್ಯಾಜಿಸ್ಟ್ರೇಟ್ ಮೇಲೆ ಹಾರಿಸಿದ ಗುಂಡು ಗುರಿ ತಪ್ಪಲಿಲ್ಲ, ಏಕೆಂದರೆ ಅಂತರವೇ ಇರಲಿಲ್ಲ. ಇಲ್ಲಿ ವೇದಿಕೆ, ಜನ, ಜೊತೆಗೆ ಓಡಿಬಂದು ಹಿಡಿದುಕೊಂಡ ಕುಲಪತಿ ಹಸನ್ ಸುಹ್ರವರ್ದಿ. ಆತನಿಗೆ ಅದೇ ವರ್ಷ 'ಸರ್' ಬಿರುದು ಸಿಕ್ಕಿತು. ಅಂದಹಾಗೆ, ಈ ಜಾಕ್ಸನ್ 1905ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಐದಕ್ಕೆ ಐದೂ ಟಾಸ್ ಗೆದ್ದ ಇಂಗ್ಲೆಂಡ್ ಕ್ಯಾಪ್ಟನ್. ಆ ಅದೃಷ್ಟ ಅವತ್ತೂ ಕೈಕೊಡಲಿಲ್ಲ.

ರಿವಾಲ್ವರ್ ತಂದುಕೊಟ್ಟವರು ಕಮಲಾ ದಾಸಗುಪ್ತ. ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಅವರು ಅಲ್ಲೇ ಬಾಂಬು ಬಚ್ಚಿಡುತ್ತಿದ್ದರು. ಹಾಸ್ಟೆಲ್‌ಗಳ ಊರಾದ ದಾವಣಗೆರೆಯವರಿಗೆ ಇದು ಬೇಗ ಅರ್ಥವಾಗುತ್ತದೆ: ಬರುವ ಹೋಗುವ ಹುಡುಗಿಯರು, ಟ್ರಂಕು, ಹಾಸಿಗೆ ಸುರುಳಿ, ಪೊಲೀಸರು ಎಷ್ಟೂಂತ ಬಿಚ್ಚಿ ನೋಡುತ್ತಾರೆ? ಬೀನಾ ಮನೆಯೂ ಸಾಮಾನ್ಯದ್ದಲ್ಲ. ಅಪ್ಪ ಬೇಣಿ ಮಾಧವ ದಾಸ್ ಕಟಕ್‌ನಲ್ಲಿ ಸುಭಾಷರ ಮೇಷ್ಟ್ರು, ತಾಯಿ ಸರಳಾ ದೇವಿ ದಿಕ್ಕಿಲ್ಲದ ಹೆಂಗಸರಿಗೆ ಪುಣ್ಯಾಶ್ರಮ ನಡೆಸಿದವರು. ಅಕ್ಕ ಕಲ್ಯಾಣಿ, ಹುಡುಗಿಯರಿಗೆ ಲಾಠಿ ಕಲಿಸುತ್ತಿದ್ದ ಛಾತ್ರೀ ಸಂಘದ ಮುಂದಾಳು.

ನನ್ನ ಪ್ರಕಾರ ಗುಂಡಿಗಿಂತ ಗಟ್ಟಿಯಾದದ್ದು ಕೋರ್ಟಿನ ಹೇಳಿಕೆ. ಹೌದು, ನಾನೇ ಹಾರಿಸಿದೆ, ಜಾಕ್ಸನ್ ಎಂಬ ಮನುಷ್ಯನ ಮೇಲೆ ನನಗೆ ದ್ವೇಷವಿಲ್ಲ, ಅವರು ಪ್ರತಿನಿಧಿಸುವ ಆಡಳಿತದ ಮೇಲೆ ಎಂಬುದು ಅದರ ಸಾರ. ಶಿಕ್ಷೆ 9 ವರ್ಷ ಕಠಿಣ ಸಜೆ. ಅವಧಿಗೆ ಮುಂಚೆ, 1939ರಲ್ಲಿ ಬಿಡುಗಡೆ. ಕ್ವಿಟ್ ಇಂಡಿಯಾದಲ್ಲಿ ಮತ್ತೆ 1942ರಿಂದ 45ರವರೆಗೆ ಜೈಲು. ಆಮೇಲೆ ಬಂಗಾಳ ಶಾಸನಸಭೆ, 1947ರಲ್ಲಿ ಹೋರಾಟಗಾರ ಜತೀಶ್ ಭೌಮಿಕ್ ಜೊತೆ ಮದುವೆ, 1960ರಲ್ಲಿ ಪದ್ಮಶ್ರೀ. ಗಂಡ ತೀರಿಕೊಂಡ ಮೇಲೆ ಋಷಿಕೇಶದಲ್ಲಿ ಒಂಟಿ. 1986ರ ಡಿಸೆಂಬರ್‌ನಲ್ಲಿ ರಸ್ತೆ ಬದಿ ಸಿಕ್ಕ ಹೆಣ ಅವರದೇ ಅಂತ ಗುರುತಿಸಲು ಪೊಲೀಸರಿಗೆ ಸುಮಾರು ತಿಂಗಳು ಹಿಡಿಯಿತು.

ತಡೆಹಿಡಿದಿದ್ದ ಬಿ.ಎ. ಪದವಿಯನ್ನು ಕಲ್ಕತ್ತಾ ವಿಶ್ವವಿದ್ಯಾಲಯ ಕೊಟ್ಟದ್ದು 2012ರಲ್ಲಿ, ಇನ್ನೊಬ್ಬ ಕ್ರಾಂತಿಕಾರಿ ಪ್ರೀತಿಲತಾ ವಾದ್ದೇದಾರ್ ಅವರದರ ಜೊತೆಗೆ. ಪ್ರೀತಿಲತಾ 1932ರಲ್ಲೇ ತೀರಿಹೋಗಿದ್ದರು. ಆದರೆ ಬೀನಾ ಸ್ವತಂತ್ರ ಭಾರತದಲ್ಲಿ 39 ವರ್ಷ ಬದುಕಿದ್ದರು, ಕರೆದು ಕೈಗೇ ಕೊಡಬಹುದಿತ್ತು.